ಇರಬೇಕಾದದ್ದು 235, ಇದ್ದದ್ದು 140

ಅಪ್ಪನ ಹಳೆಯ ಆಲ್ಬಮ್‌ಗಳನ್ನು ಎರಡು ಕಂತಿನಲ್ಲಿ ಸ್ಕ್ಯಾನ್ ಮಾಡಿಸಿದ್ದೆ. ಮೊದಲ ಕಂತಿನಲ್ಲಿ 140 ಫೋಟೋ, ಎರಡನೆಯದರಲ್ಲಿ 95. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕೋಣ ಅಂತ ಉಬುಂಟುವಿನಲ್ಲಿ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಟರ್ಮಿನಲ್, ಅಂದರೆ ಕಮಾಂಡ್ ಬರೆದು ಕೆಲಸ ಮಾಡಿಸುವ ಕಿಟಕಿ, ತೆರೆದೆ. ಆಗಷ್ಟೇ ಕಮಾಂಡ್ ಲೈನ್ ಕಲಿಯಲು ಶುರು ಮಾಡಿದ್ದೆ.

ಎಲ್ಲಿದ್ದೇನೆ ಅಂತ ತಿಳಿಯಲು ಪಿಡಬ್ಲ್ಯೂಡಿ, ಏನೇನಿದೆ ಅಂತ ನೋಡಲು ಎಲ್‌ಎಸ್, ಬೇರೆ ಫೋಲ್ಡರ್‌ಗೆ ಹೋಗಲು ಸಿಡಿ. ಈ ಮೂರೂ ಕಮಾಂಡ್ ಒಂದೇ ಸಂಜೆಯಲ್ಲಿ ಕೈಗೆ ಹತ್ತಿದವು. ಹೊಸ ಫೋಲ್ಡರ್ ಮಾಡಲು ಎಂಕೆಡಿರ್ ಅಂತ ಬರೆದು, ಮುಂದೆ ಕನ್ನಡದಲ್ಲೇ ‘ಆಲ್ಬಮ್’ ಅಂತ ಹೆಸರು ಕೊಟ್ಟೆ. ಫೋಲ್ಡರ್ ತಯಾರು. ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಾಣಿಸಬಹುದು, ಆದರೆ ಹೆಸರು ಸರಿಯಾಗೇ ಇರುತ್ತದೆ. ‘ಆ’ ಬರೆದು ಟ್ಯಾಬ್ ಒತ್ತಿದೆ, ಉಳಿದದ್ದು ತಾನಾಗಿ ತುಂಬಿಕೊಂಡಿತು. ತುಂಬಾ ಖುಷಿಯಾಯಿತು.

ಆಮೇಲೆ ಫೈಲ್ ಸಾಗಿಸುವ ಎಂವಿ. ‘ಎಲ್ಲಾ ಫೈಲ್’ ಅನ್ನುವ ನಕ್ಷತ್ರದ ಗುರುತು ಹಾಕಿ ಮೊದಲ ಕಂತು ಸಾಗಿಸಿದೆ, ಎರಡನೆಯದನ್ನೂ ಸಾಗಿಸಿದೆ. ಒಂದು ಎಚ್ಚರಿಕೆಯೂ ಬರಲಿಲ್ಲ. ಎಲ್ಲಾ ಬಂತಾ ಅಂತ ಎಣಿಸಲು ಎಲ್‌ಎಸ್ ಬರೆದು, ಪೈಪ್ ಗೆರೆ ಹಾಕಿ, ಸಾಲು ಎಣಿಸುವ ಡಬ್ಲ್ಯೂಸಿ ಮೈನಸ್ ಎಲ್ ಕೊಟ್ಟೆ. 235 ಬರಬೇಕಿತ್ತು. ಬಂದದ್ದು 140.

001 ಅನ್ನುವ ಫೈಲ್ ತೆರೆದೆ. ಅಪ್ಪ ಅಮ್ಮನ ಮದುವೆ ಫೋಟೋ ಇರಬೇಕಾದ ಕಡೆ ನನ್ನ ನಾಮಕರಣದ ಫೋಟೋ. ಎದೆ ಧಸಕ್ ಅಂದಿತು. ಎರಡೂ ಕಂತಿನ ಹೆಸರುಗಳು 001ರಿಂದಲೇ ಶುರುವಾಗಿದ್ದವು. ಅದೇ ಹೆಸರಿನ ಫೈಲ್ ಮತ್ತೆ ಬಂದರೆ ಎಂವಿ ಸುಮ್ನೆ ಹಳೆಯದರ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಹಳೆಯದು ಕಸದ ಬುಟ್ಟಿಗೂ ಹೋಗುವುದಿಲ್ಲ. ನಕಲು ಮಾಡುವ ಸಿಪಿಯೂ ಅಷ್ಟೇ. ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇತ್ತು, ಬಚಾವಾದೆ. ಈ ಸಲ ಕಂತಿಗೊಂದು ಫೋಲ್ಡರ್ ಮಾಡಿದೆ. ಮತ್ತೆ ಎಣಿಸಿದೆ: 140, 95.

ಈಗ ಎಂವಿ ಪಕ್ಕದಲ್ಲಿ ಮೈನಸ್ ಐ ಇಲ್ಲದೆ ಎಂಟರ್ ಒತ್ತುವುದಿಲ್ಲ. ಅದಿದ್ದರೆ ಹಳೆಯದನ್ನು ಅಳಿಸುವ ಮೊದಲು ಕೇಳುತ್ತದೆ. ನೂರಾರು ಫೈಲ್ ಇದ್ದರೆ ಮೈನಸ್ ಎನ್ ವಾಸಿ, ಹಳೆಯದನ್ನು ಮುಟ್ಟುವುದೇ ಇಲ್ಲ. ಪ್ರತಿ ಪ್ರಶ್ನೆಗೂ ‘ವೈ’ ಒತ್ತುತ್ತಾ ಕೂತರೆ ಕೊನೆಗೆ ಓದದೇ ಒತ್ತಿಬಿಡುತ್ತೇವೆ, ಅಲ್ವಾ?

ಆರ್‌ಎಂ ಬಗ್ಗೆ ಇನ್ನೂ ಜಾಸ್ತಿ ಹುಷಾರು. ನಕ್ಷತ್ರ ಹಾಕಿ ಅಳಿಸುವುದಿದ್ದರೆ ಮೊದಲು ಅದೇ ಸಾಲನ್ನು ಎಲ್‌ಎಸ್ ಜೊತೆ ಓಡಿಸುತ್ತೇನೆ. ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತೇನೆ. ಬೇಡದ್ದು ಮಾತ್ರ ಇದ್ದರೆ ಮೇಲಿನ ಬಾಣ ಒತ್ತಿ ಆ ಸಾಲು ವಾಪಸ್ ತರಿಸಿ, ಎಲ್‌ಎಸ್ ತೆಗೆದು ಆರ್‌ಎಂ ಹಾಕುತ್ತೇನೆ.