ಒತ್ತಿದಾಗಲೆಲ್ಲ ಒಳಗೆ ಹೋಗುವ ಗಾಳಿ

ಅಪೋಮಾರ್ಫಿನ್ ಅನ್ನುವ ಔಷಧ ಹಸಿರು ತಿರುಗಿದರೆ ಎಸೆಯಬೇಕು. ಪಾರ್ಕಿನ್ಸನ್ ಇರುವವರಿಗೆ ಮೈ ಬಿಗಿದು ಕೈಕಾಲು ಆಡದಂತಾದಾಗ ಕೊಡುವ ಔಷಧ ಇದು. ಸಾಮಾನ್ಯವಾಗಿ ಚರ್ಮದ ಕೆಳಗೆ ಇಂಜೆಕ್ಷನ್ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ. ಆದರೆ ಗಾಳಿ ತಗುಲಿದರೆ ಕೆಡುತ್ತದೆ. ತಿಳಿ ನೀರಿನ ಹಾಗಿದ್ದದ್ದು ಮೆಲ್ಲಗೆ ಹಸಿರಾಗುತ್ತದೆ.

ಇಂಥ ಔಷಧವನ್ನು ಮೂಗಿಗೆ ಸ್ಪ್ರೇ ಮಾಡುವ ಉಪಕರಣ ಬೇಕು ಅಂತ ನಮ್ಮ ಚಿಕ್ಕ ತಂಡಕ್ಕೆ ಕೆಲಸ ಬಂತು. ನಾನು ಮೆಕ್ಯಾನಿಕಲ್ ಎಂಜಿನಿಯರ್. ಮೂಗಿನೊಳಗೆ ಉರಿ ತರುವುದು ಈ ಔಷಧದ ಇನ್ನೊಂದು ದೊಡ್ಡ ತೊಂದರೆ. ಅದನ್ನು ಫಾರ್ಮುಲೇಷನ್‌ನವರು, ಅಂದರೆ ಔಷಧದ ದ್ರವ ತಯಾರಿಸುವವರು, ನೋಡಿಕೊಳ್ಳುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಪಂಪು, ಬಾಟಲಿ, ನಳಿಕೆ.

ಮೊದಲು ನಾನು ಮಾಡಿದ್ದು ತಪ್ಪು. ಶೀತಕ್ಕೆ ಬಳಸುವ ಸಾಮಾನ್ಯ ಮೂಗಿನ ಸ್ಪ್ರೇ ಪಂಪನ್ನೇ ತೆಗೆದುಕೊಂಡೆ. ಒಂದು ಸಲ ಒತ್ತಿದರೆ 100 ಮೈಕ್ರೋಲೀಟರ್, ಅಂದರೆ 0.1 ಮಿಲಿ ಹೊರಗೆ ಬರುತ್ತದೆ. ಅಷ್ಟೇ ಜಾಗ ಒಳಗೆ ಖಾಲಿಯಾಗುತ್ತದೆ. ಆ ಜಾಗ ತುಂಬಲು ಹೊರಗಿನ ಗಾಳಿ ಒಳಗೆ ಬರಲೇಬೇಕು. ಇಲ್ಲದಿದ್ದರೆ ಬಾಟಲಿಯಲ್ಲಿ ನಿರ್ವಾತವಾಗಿ ಪಂಪು ಎಳೆಯುವುದೇ ನಿಲ್ಲುತ್ತದೆ. ಗಾಳಿ ಬರುವ ದಾರಿಗೆ ಸಣ್ಣ ಫಿಲ್ಟರ್ ಇಟ್ಟರೆ ಸಾಕು ಅಂದುಕೊಂಡೆ. ಫಿಲ್ಟರ್ ಧೂಳು ತಡೆಯುತ್ತದೆ, ಬ್ಯಾಕ್ಟೀರಿಯಾ ತಡೆಯುತ್ತದೆ. ಆಮ್ಲಜನಕ ಅದರೊಳಗಿಂದ ಆರಾಮಾಗಿ ನುಸುಳಿ ಹೋಗುತ್ತದೆ. 10 ಮಿಲಿ ಬಾಟಲಿ ಅರ್ಧ ಖಾಲಿಯಾದಾಗ ಒಳಗೆ 5 ಮಿಲಿ ಗಾಳಿ. ಅದರಲ್ಲಿ ಆಮ್ಲಜನಕವೇ ಸುಮಾರು 1 ಮಿಲಿ. ನಾವು ಔಷಧ ತುಂಬುವಾಗ ಎಷ್ಟು ಜತನದಿಂದ ನೈಟ್ರೋಜನ್ ಹಾಯಿಸಿ ಕರಗಿದ ಆಮ್ಲಜನಕ ತೆಗೆದರೂ, ರೋಗಿ ಪ್ರತಿ ಸಲ ಒತ್ತಿದಾಗ ಅದು ಮತ್ತೆ ಸೇರಿಕೊಳ್ಳುತ್ತಿತ್ತು. 40 ಡಿಗ್ರಿ ಚೇಂಬರಿನಲ್ಲಿಟ್ಟು ದಿನಾ ಒತ್ತಿದ ಬಾಟಲಿಗಳ ಔಷಧವನ್ನು ಗಾಜಿಗೆ ಸುರಿದು, ಬಿಳಿ ಹಾಳೆಯ ಮುಂದೆ ಹಿಡಿದೆ. ಎಳೆ ಹಸಿರು. ಒತ್ತದೆ ಸುಮ್ನೆ ಇಟ್ಟಿದ್ದವು ಮಾತ್ರ ತಿಳಿಯಾಗಿದ್ದವು.

ಅಸ್ತಮಾದ ಇನ್ಹೇಲರ್ ಡಬ್ಬಿಯಲ್ಲಿ ಈ ತಾಪತ್ರಯ ಇಲ್ಲ. 1956ರಲ್ಲಿ ಬಂದ ಮೆಡಿಹೇಲರ್ ಅನ್ನುವ ಮೊದಲ ಡಬ್ಬಿಯಿಂದಲೂ ಹಾಗೆಯೇ. ದ್ರವ ಕಡಿಮೆಯಾದಂತೆ ಔಷಧವನ್ನು ಹೊರಗೆ ತಳ್ಳುವ ಪ್ರೊಪೆಲೆಂಟೇ ಒಳಗೆ ಆವಿಯಾಗಿ ಜಾಗ ತುಂಬುತ್ತದೆ. ಆದರೆ ನಮ್ಮ ಔಷಧ ನೀರಿನಲ್ಲಿ ಕರಗಿದ್ದು. ಅದಕ್ಕೆ ಆ ದಾರಿ ಹೊಂದಲಿಲ್ಲ. ಕೊನೆಗೆ ಔಷಧವನ್ನು ಅಲ್ಯೂಮಿನಿಯಂ ಫಾಯಿಲ್ ಪದರದ ಮೆತ್ತನೆಯ ಚೀಲಕ್ಕೆ ತುಂಬಿದೆವು. ಪಂಪು ಎಳೆದಷ್ಟೂ ಚೀಲ ಕುಗ್ಗುತ್ತದೆ. ಗಾಳಿ ಚೀಲದ ಹೊರಗೇ ಉಳಿಯುತ್ತದೆ. ಬರೀ ಪ್ಲಾಸ್ಟಿಕ್ ಚೀಲ ಆಗುವುದಿಲ್ಲ. ಪಾಲಿಥೀನ್ ಮೂಲಕ ಆಮ್ಲಜನಕ ನಿಧಾನಕ್ಕೆ ಒಸರುತ್ತದೆ.

ಚೀಲ ಹಾಕಿದ ಮೇಲೂ ಎಲ್ಲಿಂದಲೋ ಗಾಳಿ ಬರುತ್ತಿತ್ತು. ಎಲ್ಲಿಂದ ಅಂತ ಗೊತ್ತಾಗಲಿಲ್ಲ. ಆಗ ನೆನಪಾದದ್ದು ಕಾಲೇಜಿನಲ್ಲಿ ನೋಡಿದ್ದ ನೀಲಿ ಬಾಟಲಿ ಪ್ರಯೋಗ. ಗ್ಲೂಕೋಸ್, ಕಾಸ್ಟಿಕ್ ಸೋಡಾ, ಒಂದೆರಡು ಹನಿ ಮೆಥಿಲೀನ್ ಬ್ಲೂ. ಸುಮ್ನೆ ಬಿಟ್ಟರೆ ಆ ನೀರು ಬಣ್ಣ ಕಳೆದುಕೊಳ್ಳುತ್ತದೆ. ಆಮ್ಲಜನಕ ಸೇರಿದ ಕಡೆ ಮತ್ತೆ ನೀಲಿಯಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಪಂಪಿನ ತಲೆ ಮಾಡಿಸಿ, ಅದಕ್ಕೆ ಈ ನೀರು ತುಂಬಿ, ಒತ್ತಿ ಒತ್ತಿ ನೋಡಿದೆವು. ಹೊಸದಾಗಿ ಕಲಸಿದ್ದೇ ಆಗಬೇಕು, ಹಳೆಯದಾದರೆ ಹಳದಿ ಬಂದು ಏನೂ ಕಾಣುವುದಿಲ್ಲ. ಕುತ್ತಿಗೆಯ ಗ್ಯಾಸ್ಕೆಟ್ ಸುತ್ತ ಕೂದಲೆಳೆಯಷ್ಟು ನೀಲಿ ಉಂಗುರ. ಅದಕ್ಕಿಂತ ಜಾಸ್ತಿ ನಳಿಕೆಯ ತುದಿಯಲ್ಲಿ. ಸ್ಪ್ರೇ ಆದ ಮೇಲೆ ಅಲ್ಲಿ ಉಳಿಯುವ ಒಂದು ಸಣ್ಣ ಹನಿ ನೋಡನೋಡುತ್ತಲೇ ನೀಲಿಯಾಯಿತು! ಅಂದರೆ ಪ್ರತಿ ಡೋಸಿನ ಮೊದಲ ಹನಿ ಕೆಟ್ಟದ್ದೇ ಆಗಿರುತ್ತಿತ್ತು. ಅಷ್ಟು ದಿನ ನಾನು ಬಾಟಲಿಯನ್ನೇ ನೋಡುತ್ತಿದ್ದೆ, ನಳಿಕೆಯನ್ನು ನೋಡಿರಲೇ ಇಲ್ಲ.

ಹಾಗಾಗಿ ತುದಿಯಲ್ಲೇ ಒಂದು ಕವಾಟ ಇಟ್ಟೆವು. ಒತ್ತಡ ಬಂದಾಗ ತೆರೆದು, ಹೋದ ತಕ್ಷಣ ಮುಚ್ಚಿಕೊಳ್ಳುತ್ತದೆ. ದ್ರವದೊಳಗೇ ಮುಳುಗಿದ್ದ ಸ್ಟೀಲ್ ಸ್ಪ್ರಿಂಗನ್ನು ಹೊರಗೆ ತಂದೆವು, ಏಕೆಂದರೆ ಕಬ್ಬಿಣದ ಅಂಶ ಚೂರು ಬಿಟ್ಟುಕೊಂಡರೂ ಇಂಥ ಔಷಧ ಬೇಗ ಕೆಡುತ್ತದೆ. ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಅಚ್ಚು ಮಾಡಿಸಿದೆವು. ಹಲವು ಸಲ ತಿದ್ದಿಸಬೇಕಾಯಿತು. ನಳಿಕೆಯ ಕಿಂಡಿಯಲ್ಲಿ ಕಣ್ಣಿಗೆ ಕಾಣದಷ್ಟು ಬರ್, ಅಂದರೆ ಅಂಚಿನ ಚೂಪು ಚೂರು, ಉಳಿದರೂ ಸ್ಪ್ರೇ ಒಂದು ಕಡೆ ವಾಲುತ್ತದೆ. ಪ್ರತಿ ಸಲ ತಿದ್ದಿದ ಮೇಲೂ ಲೇಸರ್ ಯಂತ್ರದಲ್ಲಿ ಹನಿಯ ಗಾತ್ರ ಅಳೆದೆವು. 10 ಮೈಕ್ರಾನ್‌ಗಿಂತ ಸಣ್ಣ ಹನಿಗಳು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶಕ್ಕೆ ಹೋಗಬಹುದು ನೋಡಿ.

ಔಷಧ ತಿಳಿಯಾಗಿಯೇ ಉಳಿಯಿತು. ನನಗೆ ತುಂಬಾ ಖುಷಿ. ನನ್ನ ದೊಡ್ಡಪ್ಪನಿಗೂ ಪಾರ್ಕಿನ್ಸನ್ ಇದೆ. ತೀರ್ಥಹಳ್ಳಿಗೆ ಹೋದಾಗ ಬರೀ ನೀರು ತುಂಬಿದ ಒಂದು ಸ್ಪ್ರೇಯನ್ನು ಅವರ ಕೈಗೆ ಕೊಟ್ಟೆ. ಮೂಗಿಗಲ್ಲ, ಗಾಳಿಗೆ ಒತ್ತಿ ಅಂದೆ. ಎರಡು ಬೆರಳು ಮೇಲೆ, ಹೆಬ್ಬೆರಳು ಕೆಳಗೆ. ಬೆರಳು ಜಾರಿತು. ಮತ್ತೆ ಹಿಡಿದರು. ಅರ್ಧ ಒತ್ತಿ ಕೈ ನಿಂತಿತು. ತುದಿಯಿಂದ ಒಂದು ಹನಿ ತೊಟ್ಟಿಕ್ಕಿತು, ಅಷ್ಟೇ.

"ಮೈ ಸರಿ ಇದ್ದಾಗ ಇದನ್ನ ಒತ್ತಬಹುದು ಮಾರಾಯ. ಆವಾಗ ನಂಗೆ ಇದು ಬೇಡ. ಬೇಕಾದಾಗ ಒತ್ತಕ್ಕೆ ಕೈಯೇ ಬರಲ್ಲವಲ್ಲ" ಅಂದರು.

ಗಾಳಿ ಬಾರದಂತೆ ನಾನು ಬಿಗಿ ಮಾಡಿದ ಒಂದೊಂದು ಸೀಲೂ ಅವರ ಬೆರಳಿಗೆ ಭಾರವಾಗಿತ್ತು. ತುದಿಯ ಕವಾಟ ತೆರೆಯುವುದಕ್ಕೇ ಹೆಚ್ಚು ಒತ್ತಡ ಬೇಕು. ಇದನ್ನು ಕಾಗದದ ಮೇಲೆ ನ್ಯೂಟನ್ ಲೆಕ್ಕದಲ್ಲಿ ನಾನು ನೋಡಿದ್ದೆ, ಸರಿಯೆಂದು ಒಪ್ಪಿಯೂ ಇದ್ದೆ. ನಮ್ಮ ಆಫೀಸಿನಲ್ಲಿ ಎಲ್ಲರೂ ಗಟ್ಟಿ ಕೈಯವರೇ, ಯಾರಿಗೂ ಕಷ್ಟ ಅನಿಸಿರಲಿಲ್ಲ.

ಬೆಂಗಳೂರಿಗೆ ಬಂದು ಪಂಪಿನ ದಿಕ್ಕನ್ನೇ ಬದಲಿಸಿದೆ. ಈಗ ಪಕ್ಕದಲ್ಲಿ ಉದ್ದನೆಯ ಹಿಡಿ ಇದೆ, ಇಡೀ ಮುಷ್ಟಿಯಲ್ಲಿ ಹಿಡಿದು ಒತ್ತುವಂಥದ್ದು. ಅರ್ಧ ಬಲ, ಎರಡು ಪಟ್ಟು ದೂರ. ಒತ್ತಿದಂತೆ ಒಳಗೊಂದು ಸ್ಪ್ರಿಂಗ್ ಬಿಗಿಯುತ್ತಾ ಹೋಗಿ, ಒಂದು ಹಂತದಲ್ಲಿ ತಾನೇ ಬಿಡುತ್ತದೆ. ಆದ್ದರಿಂದ ನಡುಗುತ್ತಾ ನಿಧಾನಕ್ಕೆ ಒತ್ತಿದರೂ ಅದೇ ಡೋಸ್, ಅದೇ ಸಣ್ಣ ಹನಿಗಳು. ಉಪಕರಣ ಸ್ವಲ್ಪ ದಪ್ಪವಾಯಿತು. ಜೇಬಿಗೆ ಚೆಂದ ಕಾಣಲ್ಲ ಅಂತ ಕೆಲವರು ಅಂದರು. ನನಗೆ ದಪ್ಪವೇ ಒಳ್ಳೆಯದು ಅನಿಸುತ್ತದೆ, ನಡುಗುವ ಕೈಗೆ ಹಿಡಿತ ಸಿಗುತ್ತದೆ.

ಚೀಲದ ಮಡಿಕೆಯಲ್ಲಿ ಸ್ವಲ್ಪ ಔಷಧ ಸಿಕ್ಕಿಕೊಂಡು ಉಳಿಯುವುದು ಇನ್ನೂ ಇದೆ. ಒಳಗೆ ಗೀರುಗಳಿರುವ ಕಡ್ಡಿ ಇಟ್ಟ ಮೇಲೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಮುಂದಿನ ಸಲ ಊರಿಗೆ ಹೋದದ್ದು ಬೆಳಗಿನ ಹೊತ್ತಿಗೆ. ದೊಡ್ಡಪ್ಪ ಮಾತ್ರೆ ನುಂಗಿದ್ದರು, ಅದಿನ್ನೂ ಹಿಡಿದಿರಲಿಲ್ಲ. ಹಾಸಿಗೆ ಬಿಟ್ಟು ಏಳಲು ಆಗದ ಸಮಯ. ಹಿಡಿಯನ್ನು ಮುಷ್ಟಿಯಲ್ಲಿಟ್ಟೆ. ತುಂಬಾ ಹೊತ್ತು ಹಿಡಿಯಿತು. ಟಕ್ ಅಂದಿತು. ಕಿಟಕಿಯ ಬೆಳಕಿನಲ್ಲಿ ಮಂಜಿನಂತೆ ಹರಡಿತು. "ಬಂತಲ್ಲ!" ಅಂದರು. ಆಮೇಲೆ ಮುಚ್ಚಳ ತೋರಿಸಿದರು. ತುದಿಗೆ ಗಾಳಿ ತಾಗಬಾರದೆಂದು ನಾನೇ ಬಿಗಿಯಾಗಿ ಮಾಡಿಸಿದ್ದು. ಅದನ್ನು ತೆಗೆದುಕೊಟ್ಟಿದ್ದು ನಾನು. ಈಗ ಆ ಮುಚ್ಚಳದ ಕೆಲಸ ನಡೆಯುತ್ತಿದೆ.