ಎರಡು ಪೆಟ್ಟಿಗೆಗಳಲ್ಲಿ ಫ್ರೀ ಎನರ್ಜಿಯ ಪರೀಕ್ಷೆ: ನನ್ನ ಅನುಭವ

ಫ್ರೀ ಎನರ್ಜಿ ಯಂತ್ರವನ್ನು, ಅಂದರೆ ಒಳಹೋದದ್ದಕ್ಕಿಂತ ಹೆಚ್ಚು ಶಕ್ತಿ ಕೊಡುತ್ತದೆ ಎಂದು ಹೇಳಿಕೊಳ್ಳುವ ಯಂತ್ರವನ್ನು, ಕಟ್ಟುವುದಕ್ಕಿಂತ ಅದನ್ನು ಎಲ್ಲರೂ ಒಪ್ಪುವ ಹಾಗೆ ಅಳೆಯುವುದು ಕಷ್ಟ ಎಂಬುದು ಈ ಹವ್ಯಾಸಕ್ಕೆ ಬಿದ್ದು ಕೈ ಸುಟ್ಟುಕೊಂಡವರಿಗೆಲ್ಲ ಗೊತ್ತು. ಎರಡು ಥರ್ಮೋಕೋಲ್ ಪೆಟ್ಟಿಗೆಗಳಿಂದ ಈ ಜಗಳವನ್ನು ಬಗೆಹರಿಸುತ್ತೇನೆ ಎಂದು ನಾನು ಹೇಳಿದಾಗ, ಇಂಥ ಯಂತ್ರಗಳನ್ನು ನಂಬುವವರೂ ನಂಬದವರೂ ಒಟ್ಟಿಗೆ ನಕ್ಕಿದ್ದರು. ಶಾಖವನ್ನು ಅಳೆಯುವ ಪ್ರಯೋಗಾಲಯದ ಕ್ಯಾಲೊರಿಮೀಟರ್ ಇಲ್ಲದೆ ಇದು ಆಗದು ಎಂಬುದು ನಂಬದವರ ಮಾತಾಗಿತ್ತು. ನಮ್ಮ ಯಂತ್ರ ಕೊಡುವುದು ಬಿಸಿಯೇ ಇಲ್ಲದ ತಣ್ಣನೆಯ ವಿದ್ಯುತ್ತು, ಅದು ನಿನ್ನ ಪೆಟ್ಟಿಗೆಗೆ ಸಿಕ್ಕುವುದಿಲ್ಲ ಎಂಬುದು ನಂಬುವವರದು. ಈಗ ಎರಡೂ ಕಡೆಯವರು ತಮ್ಮ ಯಂತ್ರಗಳನ್ನು ನನ್ನ ಬಳಿಗೇ ತರುತ್ತಿದ್ದಾರೆ, ಆದ್ದರಿಂದ ವಿಧಾನವನ್ನು ಬರೆದಿಡುತ್ತಿದ್ದೇನೆ.

ಮೊದಲು ಸೋತದ್ದು ಮೀಟರು. ವಿದ್ಯುತ್ತನ್ನು ತುಂಡುತುಂಡಾಗಿ ಕೊಟ್ಟು ತಿರುಗಿಸುವ ಪಲ್ಸ್ ಮೋಟಾರಿನ ಕಾಯಿಲ್‌ನಿಂದ ಹಿಂದಕ್ಕೆ ಚಿಮ್ಮುವ ವೋಲ್ಟೇಜು ಮುಳ್ಳಿನಂತೆ ಚೂಪಾಗಿರುವುದರಿಂದ, ನಯವಾಗಿ ಏರಿ ಇಳಿಯುವ ಸೈನ್ ಅಲೆಗೆಂದು ಹೊಂದಿಸಿದ ಅಗ್ಗದ ಮಲ್ಟಿಮೀಟರ್ ತೋರಿಸುವ ಅಂಕಿಗೆ ಅಲ್ಲಿ ಅರ್ಥವಿಲ್ಲ. ಟ್ರೂ ಆರ್‌ಎಮ್‌ಎಸ್ ಮೀಟರ್ (ಅಲೆಯ ಆಕಾರ ಹೇಗಿದ್ದರೂ ಅದರ ಪರಿಣಾಮಕಾರಿ ಬೆಲೆಯನ್ನು ತೋರಿಸುವಂಥದು) ತಂದರೂ ಪಾಡು ಅದೇ, ಏಕೆಂದರೆ ವೋಲ್ಟೇಜಿನ ಆರ್‌ಎಮ್‌ಎಸ್ ಅನ್ನು ಪ್ರವಾಹದ ಆರ್‌ಎಮ್‌ಎಸ್‌ನಿಂದ ಗುಣಿಸಿದರೆ ಸಿಗುವುದು ತೋರಿಕೆಯ ವ್ಯಾಟು. ಎರಡೂ ಒಂದೇ ಕ್ಷಣದಲ್ಲಿ ಏರಿ ಇಳಿಯದ ಕಡೆ ಅದು ನಿಜವಾದ ವ್ಯಾಟಿಗಿಂತ ಎಷ್ಟೋ ಪಾಲು ಹೆಚ್ಚಿರುತ್ತದೆ. ಒಳಹೋದ ನೂರಕ್ಕೆ ಹೊರಬಂದದ್ದು ನೂರಮೂವತ್ತು, ನೂರನಲವತ್ತು ಎಂದು ಹೇಳಿಕೊಳ್ಳುವ ಫಲಿತಾಂಶಗಳಲ್ಲಿ ಬಹುಪಾಲು ಹುಟ್ಟುವುದು ಈ ಗುಣಾಕಾರದಲ್ಲಿ ಎಂಬುದು ನನ್ನ ಅಭಿಪ್ರಾಯ. ಸೆಕೆಂಡ್ ಹ್ಯಾಂಡ್ ಆಸಿಲೋಸ್ಕೋಪ್ (ವಿದ್ಯುತ್ತಿನ ಅಲೆಯನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಒಂದನ್ನೂ ಕರೆಂಟ್ ಪ್ರೋಬನ್ನೂ ಕೊಂಡು ಕ್ಷಣಕ್ಷಣದ ಗುಣಲಬ್ಧವನ್ನು ಕೂಡಿಸಿ ತೋರಿಸಿದೆ. ಲೆಕ್ಕ ಸರಿಯಾಗಿಯೇ ಬಂತು, ಆದರೆ ಯಾರೂ ಒಪ್ಪಲಿಲ್ಲ. ಪ್ರೋಬಿನ ಗ್ರೌಂಡ್ ತಂತಿ ಉದ್ದವಾಯಿತು, ಅದು ಸುತ್ತಲಿನ ವಿದ್ಯುತ್ ಗದ್ದಲವನ್ನು ಹಿಡಿಯುತ್ತಿದೆ ಎಂದು ಒಬ್ಬರು, ಪ್ರೋಬ್ ತಾಗಿದೊಡನೆ ಯಂತ್ರದ ಅನುರಣನವೇ ಕೆಟ್ಟಿತು ಎಂದು ಇನ್ನೊಬ್ಬರು ಹೇಳಿದರು. ಈ ಹವ್ಯಾಸಕ್ಕೆ ನಾನು ಸುರಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಎರಡು ಉಪಕರಣಗಳಿಗೇ ಹೋಯಿತು, ಜಗಳ ಮಾತ್ರ ಇದ್ದಲ್ಲೇ ಉಳಿಯಿತು.

ಬ್ಯಾಟರಿಯ ಕಥೆ ಇದಕ್ಕಿಂತ ಕಡೆ. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಸುಮಾರು 84 ವ್ಯಾಟ್-ಗಂಟೆ, ಅಂದರೆ ಮೂರು ಲಕ್ಷ ಜೂಲ್‌ಗಳಷ್ಟು ಶಕ್ತಿ ಇರುತ್ತದೆ. ಎರಡು ವ್ಯಾಟ್ ನುಂಗುವ ಮೋಟಾರು ರಾತ್ರಿಯಿಡೀ ತಿರುಗಿದರೂ ವೋಲ್ಟೇಜು ಇಳಿಯುವುದು ಸ್ವಲ್ಪವೇ. ಲೋಡನ್ನು, ಅಂದರೆ ವಿದ್ಯುತ್ ನುಂಗುವ ಮೋಟಾರನ್ನು, ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಇಳಿದದ್ದೂ ತಾನಾಗಿ ಮೇಲೇರುತ್ತದೆ. ಬ್ಯಾಟರಿ ತನ್ನನ್ನು ತಾನೇ ತುಂಬಿಕೊಂಡಿತು ಎಂಬ ಸಂಭ್ರಮದ ಬಹುತೇಕ ವಿಡಿಯೋಗಳಲ್ಲಿ ಇರುವುದು ಈ ಚೇತರಿಕೆಯೇ. ಬ್ಯಾಟರಿಯನ್ನು ಕಿತ್ತು, 100 ಫ್ಯಾರಡ್‌ನ ಆರು ಸೂಪರ್ ಕೆಪಾಸಿಟರ್‌ಗಳನ್ನು ಸಾಲಾಗಿ ಜೋಡಿಸಿ 15 ವೋಲ್ಟಿಗೆ ತುಂಬಿದೆ. 15ರಿಂದ 10 ವೋಲ್ಟಿಗೆ ಇಳಿಯುವಷ್ಟರಲ್ಲಿ ಆ ಸಾಲು ಕೊಡುವುದು ಸಾವಿರ ಜೂಲ್‌ಗಿಂತ ತುಸು ಹೆಚ್ಚು, ಅಷ್ಟೆ. ಹತ್ತು ವ್ಯಾಟಿನ ಮೋಟಾರು ಎರಡು ನಿಮಿಷದೊಳಗೆ ತನ್ನ ನಿಜವನ್ನು ಒಪ್ಪಿಸಿಬಿಡುತ್ತದೆ. ನನಗೆ ಇಷ್ಟೇ ಸಾಕಿತ್ತು. ನಂಬುವವರಿಗೆ ಸಾಲಲಿಲ್ಲ, ಯಂತ್ರಕ್ಕೆ ಬ್ಯಾಟರಿಯ ರಾಸಾಯನಿಕ ಗುಣವೇ ಬೇಕು ಎಂದರು. ಅದನ್ನು ಹಟ ಎಂದು ತಳ್ಳಿಹಾಕಬಹುದಿತ್ತು, ಆದರೆ ಯಂತ್ರವನ್ನು ಅದು ಇರುವ ಹಾಗೆಯೇ ಅಳೆಯಿರಿ ಎಂಬ ಬೇಡಿಕೆ ನ್ಯಾಯವಾದದ್ದೇ.

ಅಲ್ಲಿಂದ ಪೆಟ್ಟಿಗೆಯ ಯೋಚನೆ ಬಂತು. ಯಂತ್ರದ ಒಳಗೆ ಏನಾದರೂ ನಡೆಯಲಿ; ಯಂತ್ರ, ಅದರ ಲೋಡು, ಬೇರಿಂಗು, ಉರಿಯುವ ಬಲ್ಬು ಎಲ್ಲವನ್ನೂ ಬೆಳಕು ಹೊರಬಾರದ ಒಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಹುಟ್ಟಿದ ಶಕ್ತಿಯೆಲ್ಲ ಕೊನೆಗೆ ಶಾಖವಾಗಲೇಬೇಕು. ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು ಪೆಟ್ಟಿಗೆ, ಅದರೊಳಗೆ ಬರೀ ಒಂದು ರೆಸಿಸ್ಟರ್. ಎರಡರ ನಡುವಿನ ಉಷ್ಣತೆಯ ವ್ಯತ್ಯಾಸ ಸೊನ್ನೆಯಾಗುವವರೆಗೆ ರೆಸಿಸ್ಟರಿಗೆ ಕೊಡುವ ವಿದ್ಯುತ್ತನ್ನು ಹೊಂದಿಸಿದರೆ, ತಕ್ಕಡಿಯ ಒಂದು ತಟ್ಟೆಯಲ್ಲಿ ಬಟ್ಟು, ಇನ್ನೊಂದರಲ್ಲಿ ಸರಕು ಇಟ್ಟಂತೆ ಉತ್ತರ ನೇರವಾಗಿ ಸಿಗುತ್ತದೆ. ಪಲ್ಸಿನ ಆಕಾರ, ವೋಲ್ಟೇಜು-ಪ್ರವಾಹಗಳ ಹೊಂದಿಕೆ (ಪವರ್ ಫ್ಯಾಕ್ಟರ್), ಪ್ರೋಬು ಯಾವುದರ ಗೊಡವೆಯೂ ಇಲ್ಲ.

ಕೈಗೆ ಹತ್ತುವವರೆಗೆ ಇದೂ ಸತಾಯಿಸಿತು. ಒಂದೇ ಪೆಟ್ಟಿಗೆಯಿಂದ ಮಾಡುತ್ತಿದ್ದಾಗ ಕೋಣೆಯ ಉಷ್ಣತೆ ಹಗಲು ರಾತ್ರಿ ಏರಿಳಿದು ಅಂಕಿಗಳನ್ನೆಲ್ಲ ಕಲಸಿಹಾಕುತ್ತಿತ್ತು. ಜೋಡಿ ಪೆಟ್ಟಿಗೆ ಅದಕ್ಕೆ ಮದ್ದಾಯಿತು. ಒಳಗಿನ ಗಾಳಿ ಮೇಲೆ ಬಿಸಿ, ಕೆಳಗೆ ತಂಪು ಎಂದು ಪದರವಾಗುವುದನ್ನು ತಪ್ಪಿಸಲು ಎರಡಕ್ಕೂ ಒಂದೇ ಬಗೆಯ ಪುಟ್ಟ ಫ್ಯಾನ್ ಹಾಕಿದೆ. ಒಳಹೋಗುವ ವಿದ್ಯುತ್ತನ್ನು ನೆಮ್ಮದಿಯಿಂದ ಅಳೆಯಬೇಕಾದರೆ ಪೆಟ್ಟಿಗೆಯ ಗೋಡೆಯನ್ನು ದಾಟುವ ತಂತಿಯಲ್ಲಿ ನಯವಾದ ಡಿಸಿ ಮಾತ್ರ ಇರಬೇಕು. ಹಾಗಾಗಿ ಚೋಕು (ಪ್ರವಾಹದ ಏರಿಳಿತ ತಡೆಯುವ ಸುರುಳಿ), ಕೆಪಾಸಿಟರುಗಳ ಫಿಲ್ಟರನ್ನು ಪೆಟ್ಟಿಗೆಯ ಒಳಗೇ ಇಟ್ಟೆ, ಅದರ ನಷ್ಟವೂ ಲೆಕ್ಕದೊಳಗೇ ಬರುವಂತೆ. ಮುಚ್ಚಳದ ಅಂಚಿಗೆ ನಾನು ಬಳಸುವ ವಸ್ತು ಯಾವುದು, ತಂತಿಗಳ ಮೂಲಕ ಸೋರುವ ಶಾಖವನ್ನು ಎರಡೂ ಕಡೆ ಸಮ ಮಾಡಿದ್ದು ಹೇಗೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಷ್ಟಪಟ್ಟು ಕಂಡುಕೊಂಡದ್ದು, ನೀವೂ ಸ್ವಲ್ಪ ತಡಕಾಡಿ. ಸೀಸದ ಬ್ಯಾಟರಿಯನ್ನು ಗಾಳಿಯಾಡದಂತೆ ಮುಚ್ಚಬೇಡಿ, ಜಲಜನಕ ತುಂಬಿಕೊಂಡರೆ ಒಂದು ಕಿಡಿ ಸಾಕು. ಅಂಥ ಯಂತ್ರಕ್ಕೆ ಬ್ಯಾಟರಿಯನ್ನು ಹೊರಗಿಟ್ಟು, ಪರೀಕ್ಷೆಯ ಮೊದಲೂ ಆಮೇಲೂ ಒಂದೇ ರೆಸಿಸ್ಟರಿನ ಮೂಲಕ ಬರಿದುಮಾಡಿ ಲೆಕ್ಕ ಹಿಡಿಯುವುದು ಲೇಸು.

ಐದು ಸೆಂಟಿಮೀಟರ್ ದಪ್ಪದ ಥರ್ಮೋಕೋಲಿನ ನನ್ನ ಪೆಟ್ಟಿಗೆ ವ್ಯಾಟಿಗೆ ಹೆಚ್ಚುಕಡಿಮೆ ಎರಡು ಡಿಗ್ರಿ ಬಿಸಿಯಾಗುತ್ತದೆ. ಹೆಚ್ಚು ಸುದ್ದಿ ಮಾಡಿದ್ದ ಒಂದು ಪಲ್ಸ್ ಮೋಟಾರಿಗೆ ಒಳಹೋಗುತ್ತಿದ್ದದ್ದು ಒಂಬತ್ತೂವರೆ ವ್ಯಾಟ್, ಮೀಟರುಗಳ ಪ್ರಕಾರ ಹೊರಬರುತ್ತಿದ್ದದ್ದು ಹದಿಮೂರು. ಆ ಹದಿಮೂರು ನಿಜವಾಗಿದ್ದರೆ ಯಂತ್ರದ ಪೆಟ್ಟಿಗೆ ಏಳು ಡಿಗ್ರಿ ಹೆಚ್ಚು ಕಾಯಬೇಕಾಗಿತ್ತು, ಅದನ್ನು ಕಾಣಲು ಮಾಮೂಲಿ ಥರ್ಮಾಮೀಟರೇ ಸಾಕಿತ್ತು. ಪ್ರಯೋಗಾಲಯದ ಉಪಕರಣ ಬೇಕೆಂದವರಿಗೆ ನನ್ನ ಉತ್ತರ ಇದೇ: ಹೇಳಿಕೆ ಇಷ್ಟು ದೊಡ್ಡದಿರುವಾಗ ಅಳತೆ ಅಷ್ಟು ಸೂಕ್ಷ್ಮವಾಗಿರಬೇಕಾಗಿಲ್ಲ. ಐದಾರು ಗಂಟೆಯ ನಂತರ ಎರಡೂ ಪೆಟ್ಟಿಗೆ ಸಮವಾದಾಗ ರೆಸಿಸ್ಟರ್ ಒಂಬತ್ತೂವರೆ ವ್ಯಾಟಿನ ಆಸುಪಾಸಿನಲ್ಲಿತ್ತು. ಆಮೇಲೆ ಯಂತ್ರವನ್ನೂ ರೆಸಿಸ್ಟರನ್ನೂ ಅದಲುಬದಲು ಮಾಡಿ ಮತ್ತೊಮ್ಮೆ ಓಡಿಸಿದೆವು, ನೂರಕ್ಕೆ ಎರಡರೊಳಗಿನ ವ್ಯತ್ಯಾಸದಲ್ಲಿ ಅದೇ ಉತ್ತರ ಬಂತು. ಯಂತ್ರ ತಂದವರ ಕೈಯಿಂದಲೇ ಈ ಅದಲುಬದಲು ಮಾಡಿಸಿದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. 

ತಕರಾರಿಗೆ ಎಡೆಗೊಡದಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಒಳಹೋದದ್ದಕ್ಕಿಂತ ಹೆಚ್ಚು ಶಕ್ತಿ ಬರುತ್ತದೆ ಎಂದು ಹೇಳಿಕೊಂಡ ಅಮೆರಿಕದ ಜೋಸೆಫ್ ನ್ಯೂಮನ್ ಅವರ ಯಂತ್ರದ ಪ್ರಕರಣವನ್ನು ನೋಡಬೇಕು. 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಅದನ್ನು ಪರೀಕ್ಷಿಸಿ, ಎಲ್ಲ ಸ್ಥಿತಿಗಳಲ್ಲೂ ಒಳಹೋದದ್ದಕ್ಕಿಂತ ಹೊರಬಂದದ್ದು ಕಡಿಮೆ, ದಕ್ಷತೆ ನೂರಕ್ಕೆ 26ರಿಂದ 67 ಎಂದು ವರದಿ ಮಾಡಿತು. ಯಂತ್ರವನ್ನು ಭೂಮಿಗೆ ಜೋಡಿಸಿದ್ದರಿಂದ ಶಕ್ತಿ ಸೋರಿಹೋಯಿತು ಎಂದು ನ್ಯೂಮನ್ ವಾದಿಸಿದರು, ಅವರ ಬೆಂಬಲಿಗರಿಗೆ ಆ ವಾದವೇ ಸಾಕಾಯಿತು. ನನ್ನ ಪೆಟ್ಟಿಗೆಯಲ್ಲಿ ಭೂಮಿಯ ತಂತಿಯೇ ಇಲ್ಲ. ಹೊಸ ಬಗೆಯ ಶಕ್ತಿ ಕಂಡುಹಿಡಿದೆ ಎಂದು ಹೇಳಿಕೊಂಡಿದ್ದ ಅಮೆರಿಕದ ಜಾನ್ ಕೀಲಿ ಎಂಬಾತನ ಮೋಟಾರಿನಂಥ ಮೋಸಕ್ಕೂ ಇಲ್ಲಿ ಜಾಗ ಕಡಿಮೆ. 1898ರಲ್ಲಿ ಆತ ತೀರಿಕೊಂಡ ಮೇಲೆ ಅವನ ಕಾರ್ಯಾಗಾರದ ನೆಲದಡಿಯಲ್ಲಿ ಒತ್ತಿದ ಗಾಳಿಗೆಂದು ಇಟ್ಟಂತಿದ್ದ ದೊಡ್ಡ ಲೋಹದ ಗೋಳ ಸಿಕ್ಕಿತು. ಪೆಟ್ಟಿಗೆಯೊಳಗೆ ಅಡಗಿಸಿಟ್ಟ ಮೂಲ ಎಂಥದೇ ಇದ್ದರೂ ದಿನಗಟ್ಟಲೆ ಓಡಿಸಿದರೆ ಬರಿದಾಗಲೇಬೇಕು.

ನಡುನಡುವೆ ದಾರಿ ತಪ್ಪಿದ್ದೂ ಉಂಟು. ಭಾಸ್ಕರಾಚಾರ್ಯರು ಹನ್ನೆರಡನೆಯ ಶತಮಾನದಲ್ಲಿ ವರ್ಣಿಸಿದ, ಅರೆಗಳಲ್ಲಿ ಪಾದರಸ ತುಂಬಿದ ಚಕ್ರವನ್ನು ಗ್ಲಿಸರಿನ್ ತುಂಬಿದ ಕೊಳವೆಗಳಿಂದ ಮಾಡಿ ನೋಡಿದೆ. ಒಂದು ಬದಿಯ ದ್ರವ ಅಚ್ಚಿನಿಂದ ದೂರವಿರುತ್ತದೆ, ನಿಜ, ಆದರೆ ಇನ್ನೊಂದು ಬದಿಯಲ್ಲಿ ಇರುವ ದ್ರವವೇ ಹೆಚ್ಚು. ಒಳ್ಳೆಯ ಬೇರಿಂಗ್ ಹಾಕಿದಷ್ಟೂ ನಿಧಾನವಾಗಿ ನಿಲ್ಲುತ್ತದೆ, ಅಷ್ಟೇ ಲಾಭ. ಉದ್ದನೆಯ ಆಂಟೆನಾ ಮತ್ತು ಜರ್ಮೇನಿಯಂ ಡಯೋಡಿನಿಂದ ರೇಡಿಯೋ ಅಲೆಗಳ ಶಕ್ತಿ ಹಿಡಿದದ್ದು ನಿಜವಾಗಿಯೂ ಪುಕ್ಕಟೆ, ಆದರೆ ಸಿಕ್ಕಿದ್ದು ಮೈಕ್ರೋವ್ಯಾಟುಗಳಲ್ಲಿ. ನನಗೆ ಆಸೆ ಇರುವುದು ಈ ಜಾತಿಯ ಯಂತ್ರಗಳಲ್ಲೇ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿರುವ ಬೆವರ್ಲಿ ಗಡಿಯಾರ 1864ರಿಂದ ಕೈಯಿಂದ ಕೀಲಿ ಕೊಡುವ ಅಗತ್ಯವಿಲ್ಲದೆ, ದಿನದ ಉಷ್ಣತೆ ಮತ್ತು ಗಾಳಿಯ ಒತ್ತಡದ ಏರಿಳಿತದಿಂದಲೇ ನಡೆದುಬಂದಿದೆ, ಆಗೊಮ್ಮೆ ಈಗೊಮ್ಮೆ ನಿಂತದ್ದುಂಟು ಎಂಬುದನ್ನು ಬಿಟ್ಟರೆ. ಅದು ಶೂನ್ಯದಿಂದ ಏನನ್ನೂ ತೆಗೆಯುವುದಿಲ್ಲ, ಹಾಗೆಂದು ಯಾರೂ ಅದಕ್ಕೆ ಇಂಧನ ಸುರಿಯುವುದೂ ಇಲ್ಲ.

ಹಣದ ಮಾತು ಹೇಳಲೇಬೇಕು. 1775ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿ ನಿರಂತರ ಚಲನೆಯ ಪ್ರಸ್ತಾವಗಳನ್ನು ಇನ್ನು ನೋಡುವುದೇ ಇಲ್ಲ ಎಂದು ತೀರ್ಮಾನಿಸಿದಾಗ, ಈ ಹುಡುಕಾಟ ಸಂಸಾರಗಳನ್ನು ಹಾಳುಮಾಡಿದೆ ಎಂಬುದನ್ನೂ ಕಾರಣವಾಗಿ ಕೊಟ್ಟಿತ್ತು. ನನ್ನ ಬಳಿಗೆ ಬಂದವರಲ್ಲಿ ನಿಯೋಡಿಮಿಯಂ ಅಯಸ್ಕಾಂತಗಳಿಗೇ ಉಳಿತಾಯ ಸುರಿದವರಿದ್ದಾರೆ, ಬೇರೆಯವರ ಯಂತ್ರದ ನಕ್ಷೆಗೆ ಮುಂಗಡ ಕೊಟ್ಟು ಕಾಯುತ್ತಿರುವವರೂ ಇದ್ದಾರೆ. ಎರಡು ಪೆಟ್ಟಿಗೆ, ಫ್ಯಾನು, ಉಷ್ಣತೆ ಅಳೆಯುವ ಥರ್ಮೋಕಪಲ್ ಎಲ್ಲ ಸೇರಿ ನನಗೆ ಬಿದ್ದ ಖರ್ಚು ಆ ಆಸಿಲೋಸ್ಕೋಪಿನ ಇಪ್ಪತ್ತರಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ. ನೋಡುವುದಿಲ್ಲ ಎಂದು ಬಾಗಿಲು ಹಾಕಿಕೊಳ್ಳುವ ಬದಲು ಮುಂಗಡ ಕೊಡುವ ಮೊದಲೇ ಒಂದು ದಿನ ಪೆಟ್ಟಿಗೆಯಲ್ಲಿಡಿ ಎನ್ನುವುದು ನನ್ನ ಪದ್ಧತಿ.

ಈ ಪೆಟ್ಟಿಗೆಗೆ ಇಪ್ಪತ್ತು ವ್ಯಾಟ್ ಮಿತಿ. ಅದರಾಚೆ ಒಳಗಿನ ಬಿಸಿ ಏರಿ ಥರ್ಮೋಕೋಲ್ ಮೆತ್ತಗಾಗುವ ಭಯವಿದೆ. ದೊಡ್ಡ ಯಂತ್ರಗಳಿಗಾಗಿ ನೀರು ಹರಿಸುವ ಏರ್ಪಾಡೊಂದನ್ನು ಕಟ್ಟುತ್ತಿದ್ದೇನೆ. ನಿಮಿಷಕ್ಕೆ ಕಾಲು ಲೀಟರ್ ಹರಿದರೆ ನೂರು ವ್ಯಾಟಿಗೆ ಆರು ಡಿಗ್ರಿಯ ಹತ್ತಿರ ಏರಿಕೆ ಸಿಗಬೇಕು, ಆದರೆ ಪಂಪಿನ ಹರಿವು ಇನ್ನೂ ಒಂದೇ ಸಮ ನಿಂತಿಲ್ಲ, ಗುಳ್ಳೆಗಳೂ ಕಾಡುತ್ತಿವೆ. ಅದು ಸರಿಹೋಗುವವರೆಗೆ ಇಪ್ಪತ್ತು ವ್ಯಾಟಿನೊಳಗಿನ ಯಂತ್ರಗಳನ್ನು ಮಾತ್ರ ತನ್ನಿ.