ಮೈನಸ್ 31ರಲ್ಲೂ ಸಾಯದ ನನ್ನ ಕತ್ತಾಳೆ

ಡಿಸೆಂಬರ್ 2022ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬಿದ್ದ ಆ ಚಳಿ ಇಲ್ಲಿರುವವರಿಗೆ ನೆನಪಿರುತ್ತದೆ. ಒಂದೇ ಗಂಟೆಯಲ್ಲಿ 37 ಡಿಗ್ರಿ ಫ್ಯಾರನ್‌ಹೀಟ್ ಇಳಿದು, ಬೆಳಗಿನ ಜಾವಕ್ಕೆ ಮೈನಸ್ 24. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 31. ಹಿತ್ತಲಲ್ಲಿ ಪ್ಯಾರಿ ಅನ್ನುವ ಜಾತಿಯ ನನ್ನ ಆರು ಕತ್ತಾಳೆ ಬಯಲಲ್ಲೇ ಇದ್ದವು, ಮೇಲೆ ಒಂದು ಗೋಣಿಚೀಲವೂ ಇರಲಿಲ್ಲ. ಮೇ ತಿಂಗಳಿಗೆ ಅವುಗಳಲ್ಲಿ ಐದು ಗಿಡ ಹೊಸ ಸುಳಿ ಬಿಟ್ಟವು. ಈ ಚಳಿಯಲ್ಲಿ ಕತ್ತಾಳೆ ಆಗುವುದಿಲ್ಲ ಅಂದಿದ್ದವರಿಗೆಲ್ಲ ಫೋಟೋ ಕಳಿಸಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ಅದಕ್ಕೂ ಮುಂಚೆ ಕೊಂದಿದ್ದು ಹನ್ನೊಂದು.

2018ರಲ್ಲಿ ಒಂದು ದೊಡ್ಡ ಅಂಗಡಿಯಿಂದ ಮೂರು ತಂದೆ. ಒಂದೊಂದಕ್ಕೆ ಸುಮಾರು 40 ಡಾಲರ್. ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರಿಸಿದರೆ, "ಅಲ್ಲೋ, ಬೇಲಿ ಕತ್ತಾಳೆಗೆ ಮೂರು ಸಾವಿರ ಕೊಟ್ಯಾ? ಚಳ್ಳಕೆರೆಗೆ ಬಾ, ಲಾರಿ ತುಂಬಿಸಿ ಕಳಿಸ್ತೀನಿ" ಅಂದರು. ನಮ್ಮ ಬದುಗಳ ಕತ್ತಾಳೆಯೂ ಮೂಲತಃ ಈ ಕಡೆಯಿಂದಲೇ ಬಂದಿದ್ದು ಅಂದರೆ ನಂಬಲಿಲ್ಲ. ಚೀಟಿಯಲ್ಲಿ ಬರೀ ಪ್ಯಾರಿ ಅಂತ ಇತ್ತು. ಆಮೇಲೆ ನೋಡಿದರೆ ಅದು ಪ್ಯಾರಿಯದೇ ಒಂದು ಬಗೆ, ಟ್ರಂಕಾಟಾ, ಮೆಕ್ಸಿಕೊದ ಡುರಾಂಗೊ-ಝಕಾಟೆಕಾಸ್ ಕಡೆಯದ್ದು. ಗುಂಡಗೆ, ಬೂದುನೀಲಿ, ನೋಡೋಕೆ ಚಂದ. ನಮ್ಮ ಚಳಿಗೆ ಮಾತ್ರ ಲಾಯಕ್ಕಲ್ಲ. ಜನವರಿಯೊಳಗೆ ಮೂರೂ ಬೆಂದ ಬದನೆಕಾಯಿ ಆಗಿದ್ದವು.

ಮುಂದಿನ ಸಲ ಅಸಲಿ ಪ್ಯಾರಿಯನ್ನೇ ತಂದೆ, ಅರಿಝೋನಾ, ನ್ಯೂ ಮೆಕ್ಸಿಕೊ ಗುಡ್ಡದ್ದು. ಜೇಡಿ ನೆಲದಲ್ಲಿ ಗುಂಡಿ ತೋಡಿ ಮರಳು ತುಂಬಿಸಿದೆ. ದಡ್ಡತನ. ಸುತ್ತಲಿನ ನೀರೆಲ್ಲ ಬಂದು ಆ ಗುಂಡಿಯಲ್ಲೇ ನಿಂತಿತು. ಅದು ಸಾಲದು ಅಂತ ಕಂಬಳಿ ಹೊದಿಸಿ, ಒಳಗೆ ಕ್ರಿಸ್‌ಮಸ್ ಬಲ್ಬಿನ ಸರ ಬಿಟ್ಟೆ. ತೆಗೆದು ನೋಡಿದರೆ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಒಳಗೆಲ್ಲ ಹನಿ. ನಾಲ್ಕು ಹೋದವು.

ಬುದ್ಧಿ ಬಂದಿದ್ದು ಮಾರ್ಚ್ 2021ರ ಹಿಮದಲ್ಲಿ. ಎರಡು ದಿನದಲ್ಲಿ 27 ಇಂಚು ಬಿತ್ತು, ಒದ್ದೆ, ಭಾರದ ಹಿಮ. ಇಡೀ ಚಳಿಗಾಲ ದಾಟಿದ್ದ ಬೇರೆ ನಾಲ್ಕು ಗಿಡ ಹಿಮ ಕರಗಿ ಹತ್ತು ದಿನಕ್ಕೆ ಮೆತ್ತಗಾದವು. ಒಂದರ ಸುಳಿ ಹಿಡಿದು ಮೆಲ್ಲಗೆ ಎಳೆದೆ. ಬಾಳೆಯ ಕೊಳೆತ ಸುಳಿ ಬರುತ್ತದಲ್ಲ, ಹಾಗೆ ಇಡಿಯಾಗಿ ಕೈಗೇ ಬಂತು. ಬುಡ ಕಂದು, ಹುಳಿ ಮೀರಿದ ಹಿಟ್ಟಿನ ವಾಸನೆ. ಹೊರಗಿನ ಎಲೆಗಳು ಮಾತ್ರ ಗಟ್ಟಿಯಾಗೇ ಇದ್ದವು, ಮೇಲೆ ಹಳೇ ಎಲೆಗಳ ಮುಳ್ಳಿನ ಅಚ್ಚು ಸಮೇತ. ಇದು ಚಳಿಗೆ ಸತ್ತ ಗಿಡ ಅಲ್ಲ ಅಂತ ಅವತ್ತು ಖಾತ್ರಿಯಾಯಿತು. ಕುತ್ತಿಗೆಯಲ್ಲಿ, ಅಂದರೆ ಎಲೆ ಬೇರು ಕೂಡುವ ಕಡೆ, ನೀರು ನಿಂತು ಸತ್ತಿದ್ದು.

ಆ ಬೇಸಿಗೆ ದಕ್ಷಿಣದ ಗೋಡೆಗೆ ಒತ್ತಿ ನೆಲದ ಮೇಲೇ ದಿಬ್ಬ ಹಾಕಿದೆ. ಇಲ್ಲಿನವರು ಸ್ಕ್ವೀಜಿ ಅನ್ನುವ ತೊಳೆದ ಸಣ್ಣ ಜಲ್ಲಿ, ಸುಮಾರು ಎರಡು ಟನ್. ಜಲ್ಲಿಗಿಂತ ಲಾರಿ ಬಾಡಿಗೆಯೇ ಜಾಸ್ತಿ. ಎಲ್ಲ ಸೇರಿ 200 ಡಾಲರ್ ದಾಟಿತು. ಅದಕ್ಕೂ ಮುಂಚೆ ಸತ್ತ ಗಿಡ, ಕಂಬಳಿ, ಬಲ್ಬಿಗೆ 400ರ ಮೇಲೆ ಹೋಗಿತ್ತು, ಹೆಂಡತಿಗೆ ಹೇಳಿದ ಲೆಕ್ಕ ಬೇರೆ. ದಿಬ್ಬದ ಎತ್ತರ ಮೊಣಕಾಲಿಗಿಂತ ಸ್ವಲ್ಪ ಕೆಳಗೆ. ಮಣ್ಣು ಹತ್ತರಲ್ಲಿ ಒಂದು ಪಾಲೂ ಇಲ್ಲ.

ಕುಂಡದ ಪೀಟ್, ಅಂದರೆ ನೀರು ಹಿಡಿದಿಡುವ ಕೊಳೆತ ಪಾಚಿ, ಪೂರ್ತಿ ತೊಳೆದು ಬರೀ ಬೇರು ನೆಟ್ಟೆ. ಒಂದು ಬೇರಿಗೆ ಹಿಡಿ ಪೀಟ್ ಅಂಟಿತ್ತು, ಸಾಕು ಬಿಡು ಅಂತ ಹಾಗೇ ಬಿಟ್ಟೆ. ಆರರಲ್ಲಿ ಸತ್ತಿದ್ದು ಅದೇ. ಗಿಡವನ್ನು ನೆಟ್ಟಗೆ ನೆಡಬೇಡಿ. ಗುಡ್ಡದ ಬಂಡೆ ಸಂದಿಯಲ್ಲಿ ವಾಲಿಕೊಂಡಿರುವ ಹಾಗೆ ವಾಲಿಸಿ, ಸುಳಿಯ ನೀರು ತಾನೇ ಜಾರುತ್ತದೆ. ಕುತ್ತಿಗೆ ಸುತ್ತ ಬೆರಳು ಗಾತ್ರದ ಕಲ್ಲು. ನೆಡುವುದು ಮೇ ಕೊನೆಗೆ. ಸೆಪ್ಟೆಂಬರ್‌ನಲ್ಲಿ ರಿಯಾಯಿತಿ ದರಕ್ಕೆ ಆಸೆಪಟ್ಟರೆ ಬೇರು ಹಿಡಿಯುವ ಮೊದಲೇ ಹಿಮ. ಆಗಸ್ಟ್ ಕೊನೇ ವಾರ ನೀರಿನ ವಿಷಯದಲ್ಲಿ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮರಿ ಎಲ್ಲಿಂದ ತಂದೆ ಅಂತಲೂ ಕೇಳಬೇಡಿ.

2023ರ ಜೂನ್‌ನಲ್ಲಿ ಸುರಿದ ದಾಖಲೆ ಮಳೆಗೂ ಐದೂ ಅಲ್ಲಾಡಲಿಲ್ಲ. ನನಗೆ ಚಳಿಗಿಂತ ಅದೇ ದೊಡ್ಡ ಪರೀಕ್ಷೆ ಅನ್ನಿಸಿತ್ತು.

ಮಧ್ಯೆ ಸುಮ್ನೆ ಇರಲಾರದೆ ದಿಬ್ಬದ ಅರ್ಧಕ್ಕೆ ಹಳೇ ಕಿಟಕಿ ಗಾಜು ಮುಚ್ಚಿ ನೋಡಿದೆ. ಬಯಲಲ್ಲಿದ್ದವಕ್ಕೂ ಇವಕ್ಕೂ ವ್ಯತ್ಯಾಸ ಕಾಣಲಿಲ್ಲ, ಗಾಜು ಮಾತ್ರ ಗಾಳಿಗೆ ಒಡೆಯಿತು. ಈಗ ಯೂಟಾ ಕತ್ತಾಳೆ ಅನ್ನುವ ಇನ್ನೊಂದು ಜಾತಿಯ ಬೀಜ ಹಾಕಿದ್ದೇನೆ, ಒದ್ದೆ ಟಿಶ್ಯೂ ಮೇಲೆ, ಜಿಪ್ ಕವರಿನಲ್ಲಿ, ಫ್ರಿಜ್ ಮೇಲಿಟ್ಟು. ಇಪ್ಪತ್ತರಲ್ಲಿ ಹದಿಮೂರೋ ಹದಿನಾಲ್ಕೋ ಮೊಳೆತವು. ಗ್ಯಾರೇಜಿನ ಇಲಿ ತಿಂದು ಉಳಿದಿರುವುದು ಆರು.